ಫ್ರೀಸ್‌ಲಾಂಡಿನಲ್ಲಿ ಉದುರಿದ ಅಂಕಿ

ಚನ್ನಗಿರಿ

ಹೊರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಚನ್ನಗಿರಿಯಲ್ಲಿ ಜನ ಮೊದಲು ಕೇಳುವುದು ಊಟದ ಬಗ್ಗೆ. ‘ಅಲ್ಲಿ ಅನ್ನ ಸಿಗ್ತಿತ್ತೇನ್ರೀ?’ ಅನ್ನುತ್ತಾರೆ. ಸಿಗುತ್ತಿತ್ತು. ಆಮೇಲೆ ಚಳಿಯ ಬಗ್ಗೆ ಕೇಳುತ್ತಾರೆ. ಚಳಿಯೂ ಇತ್ತು. ಅಷ್ಟಕ್ಕೆ ಅವರಿಗೆ ಸಮಾಧಾನ. ಹೋದ ಕೆಲಸ ಏನಾಯಿತು ಅಂತ ಇದುವರೆಗೆ ಯಾರೂ ಕೇಳಿಲ್ಲ. ಅದನ್ನು ಹೇಳಲು ಕೂತಿದ್ದೇನೆ. ಹೇಳಿ ಮುಗಿಸಿದ ಮೇಲೆ ಮನಸ್ಸು ಹಗುರಾಗುತ್ತದೆ ಎಂಬ ಆಸೆಯೇನೂ ನನಗಿಲ್ಲ.

ನಾನು ಕಲಿತ ಕಂಪ್ಯೂಟರ್ ಭಾಷೆ ಕೋಬಾಲ್. ಕಾಲೇಜು ಮುಗಿಸಿದ ಹೊಸದರಲ್ಲಿ ಅದಕ್ಕೆ ಭಾರಿ ಬೆಲೆ. ಹೊನ್ನಾಳಿಯ ಒಂದು ಟ್ರೈನಿಂಗ್ ಸೆಂಟರಿನಲ್ಲಿ ಅದನ್ನೇ ಪಾಠ ಮಾಡುತ್ತಿದ್ದೆ. ಕಲಿಯಲು ಬರುವವರು ಕಡಿಮೆಯಾಗುತ್ತಾ ಬಂದು, ಕೊನೆಗೆ ಸೆಂಟರೇ ಮುಚ್ಚಿ ಅಲ್ಲೊಂದು ಮೊಬೈಲ್ ಅಂಗಡಿ ಬಂತು. ನಾನು ಬೇರೆ ಬೇರೆ ಕೆಲಸ ಮಾಡಿಕೊಂಡಿದ್ದೆ. ವಯಸ್ಸು ಐವತ್ತು ದಾಟಿದ ಮೇಲೆ ದಾವಣಗೆರೆಯ ಒಂದು ಸಣ್ಣ ಕಂಪನಿಯವರು ಹುಡುಕಿಕೊಂಡು ಬಂದರು. ಹಳೆಯ ಕೋಬಾಲ್ ಪ್ರೋಗ್ರಾಂಗಳನ್ನು ಜಾವಾ ಎಂಬ ಹೊಸ ಭಾಷೆಗೆ ಬದಲಾಯಿಸಿ ಕೊಡುವುದು ಅವರ ಕಸುಬು. ಜಾವಾ ಬರೆಯುವವರು ಬೀದಿಗೊಬ್ಬರು ಸಿಗುತ್ತಿದ್ದರು, ಕೋಬಾಲ್ ಓದಿ ಹೇಳುವವರು ಸಿಗುತ್ತಿರಲಿಲ್ಲ. ದಿನಾ ಚನ್ನಗಿರಿಯಿಂದ ಬಸ್ಸಿನಲ್ಲಿ ಹೋಗಿ ಬರತೊಡಗಿದೆ.

ಅಲ್ಲಿ ನನಗೆ ಜೋಡಿಯಾಗಿ ಸಿಕ್ಕವನು ಮಹಾಂತೇಶ, ಜಗಳೂರಿನವನು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು, ಮದುವೆಯಾಗಿ ಒಂದು ಮಗುವಿದೆ. ನಾನು ಹಳೆಯದನ್ನು ಓದಿ ಅರ್ಥ ಹೇಳಬೇಕು, ಅವನು ಹೊಸದರಲ್ಲಿ ಬರೆಯಬೇಕು. ನೆದರ್‌ಲ್ಯಾಂಡ್ಸಿನ ಉತ್ತರ ಭಾಗದ ಫ್ರೀಸ್‌ಲಾಂಡ್ ಎಂಬ ಸೀಮೆಯಲ್ಲಿ ಹಸು ಸಾಕುವವರದೊಂದು ಸಂಘದಿಂದ ಕೆಲಸ ಬಂದಾಗ ಇಬ್ಬರೂ ಹೊರಟೆವು. ಅಲ್ಲಿಯ ಹಳೆಯ ಕಂಪ್ಯೂಟರಿನ ಎದುರು ಕೂತೇ ಮಾಡಬೇಕಾದ ಕೆಲಸ ಅದು.

ಮೊದಲ ಮೆಟ್ಟಿಲುಗಳು

ನಮಗೆ ಕೊಟ್ಟ ಬಾಡಿಗೆ ಮನೆಯ ಮೆಟ್ಟಿಲು ನೋಡಿ ಎದೆ ಝಲ್ಲೆಂದಿತು. ಅದು ಮೆಟ್ಟಿಲಲ್ಲ, ಅಟ್ಟಕ್ಕೆ ಇಟ್ಟ ಏಣಿ. ಮಹಾಂತೇಶ ನನ್ನ ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತು ಅರ್ಧ ಹತ್ತಿದ್ದ, ಅದು ಜಾರಿ ಕೆಳಗೆ ಬಂತು. ಒಳಗಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ ಬಿಚ್ಚಿಕೊಂಡು ಪುಡಿ ಹಾರಿ, ಬಾಗಿಲಲ್ಲಿ ಕೀ ಹಿಡಿದು ನಿಂತಿದ್ದ ಮನೆಯೊಡತಿ ಸೀನತೊಡಗಿದಳು. ಸೀನುತ್ತಲೇ ನಮಗೆ ಸ್ವಾಗತ ಹೇಳಿದಳು. ಆ ಮನೆಯಲ್ಲಿ ನನಗೆ ನಗು ಬಂದದ್ದು ಆವತ್ತೊಂದೇ ದಿನ ಎಂದು ಈಗ ಅನ್ನಿಸುತ್ತದೆ.

ಆ ಸೀಮೆಯಲ್ಲಿ ನೆಲ ಕೆಳಗೆ, ನೀರು ಮೇಲೆ. ಸೂಳೆಕೆರೆಯ ಏರಿಯ ಕೆಳಗೆ ನಿಂತು ಮೇಲೆ ನೋಡಿದರೆ ಆಗುವ ಭಯ ಅಲ್ಲಿ ಎಲ್ಲಿ ನಿಂತರೂ ಆಗುತ್ತದೆ. ಹುಲ್ಲುಗಾವಲಿನಲ್ಲಿ ಹಸುಗಳು ಮೇಯುತ್ತಿರುತ್ತವೆ, ಅವುಗಳ ಬೆನ್ನಿಗಿಂತ ಎತ್ತರದಲ್ಲಿ ಕಾಲುವೆಯ ಮೇಲೆ ದೋಣಿ ಹೋಗುತ್ತಿರುತ್ತದೆ. ಹಗಲೂ ರಾತ್ರಿ ಪಂಪು ಓಡಿಸಿ ನೀರನ್ನು ಹೊರಗೆ ಹಾಕುತ್ತಾರೆ. ಮಹಾಂತೇಶ ಪಂಪ್‌ಹೌಸಿನ ಮುಂದೆ ನಿಂತುಬಿಟ್ಟ.

‘ಅಕ್ಕಾರೆ, ನೀರು ಹೊರಗೆ ಹಾಕಾಕೆ ಪಂಪಾ? ನಮ್ಮ ಜಗಳೂರಾಗೆ ಇದನ್ನ ಹೇಳಿದ್ರೆ ನನ್ನ ಹೊಡೀತಾರೆ.’

ಸಂಘದ ಕಚೇರಿಯಲ್ಲಿ ಮಧ್ಯಾಹ್ನದ ಊಟವೆಂದರೆ ಒಣ ಬ್ರೆಡ್ಡು, ಚೀಸು, ಒಂದು ಲೋಟ ಮಜ್ಜಿಗೆ. ಮಜ್ಜಿಗೆ ಕಂಡು ಜೀವ ಬಂದಂತಾಯಿತು. ಉಪ್ಪು ಹಾಕಿಕೊಂಡೆ. ಮೇಜಿನ ಸುತ್ತ ಇದ್ದವರೆಲ್ಲ ತಿನ್ನುವುದು ಬಿಟ್ಟು ನನ್ನನ್ನೇ ನೋಡಿದರು. ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುವುದು ಅವರ ರೂಢಿ. ಕಚೇರಿಯ ಮುಖ್ಯಸ್ಥನೂ ಬರೀ ರುಬೆನ್, ಕಸ ಗುಡಿಸುವವನಿಗೂ ಬರೀ ಹೆಸರೇ. ಹಳೆಯ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದ, ನನಗಿಂತ ಹಿರಿಯಳಾದ ಆಫ್ಕೆಯನ್ನು ‘ಆಫ್ಕೆ’ ಎಂದು ಕರೆಯಲು ನನ್ನ ನಾಲಗೆ ಬಹಳ ದಿನ ಏಳಲಿಲ್ಲ. ‘ಮೇಡಂ’ ಅಂದರೆ ಅವಳು ಹಿಂದೆ ತಿರುಗಿ, ಬೇರೆ ಯಾರೋ ಬಂದಿದ್ದಾರೆ ಎಂದು ನೋಡುತ್ತಿದ್ದಳು.

ಸಂಘದ ಕಚೇರಿ

ಆ ಹಳೆಯ ಪ್ರೋಗ್ರಾಂನ ಒಳಹೊರಗು ಬಲ್ಲವಳು ಇಡೀ ಕಚೇರಿಯಲ್ಲಿ ಆಫ್ಕೆ ಒಬ್ಬಳೇ. ಅರ್ಧಕ್ಕೂ ಹೆಚ್ಚು ಅವಳೇ ಬರೆದದ್ದು. ಇನ್ನು ಕೆಲವು ತಿಂಗಳಲ್ಲಿ ನಿವೃತ್ತಿ. ಅವಳು ಹೋಗುವುದರೊಳಗೆ ಎಲ್ಲವನ್ನೂ ಜಾವಾಕ್ಕೆ ತರಬೇಕು ಎಂಬ ಅವಸರದಲ್ಲೇ ನಮ್ಮನ್ನು ಕರೆಸಿದ್ದರು. ತನ್ನ ಜಾಗ ಖಾಲಿ ಮಾಡಿಸಲು ಬಂದವರ ಮೇಲೆ ಅವಳಿಗೆ ಸಿಟ್ಟಿರಬಹುದು ಎಂದುಕೊಂಡಿದ್ದೆ. ಇರಲಿಲ್ಲ. ‘ನನ್ನ ಬರಹ ಓದಬಲ್ಲ ಇನ್ನೊಬ್ಬ ಹೆಂಗಸು ಭೂಮಿಯ ಮೇಲೆ ಇದ್ದಾಳಲ್ಲ’ ಎಂದು ಮೊದಲ ದಿನವೇ ಕುರ್ಚಿ ಎಳೆದು ಪಕ್ಕ ಕೂರಿಸಿಕೊಂಡಳು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು, ಇಬ್ಬರದೂ ಕಲಿತ ಇಂಗ್ಲಿಷು.

ಆ ಪ್ರೋಗ್ರಾಂ ಮಾಡುತ್ತಿದ್ದ ಕೆಲಸ ಇಷ್ಟು. ಆ ಸೀಮೆಯ ಪ್ರತಿ ಹಸುವಿಗೂ ಒಂದು ಸಂಖ್ಯೆ. ಅದರ ತಾಯಿ, ತಂದೆ, ಅಜ್ಜಿ, ಮುತ್ತಜ್ಜಿ ಎಲ್ಲರಿಗೂ ಸಂಖ್ಯೆ. ರೈತ ತನ್ನ ಹಸುವಿನ ಸಂಖ್ಯೆ ಕಳಿಸಿದರೆ, ಯಾವ ಹೋರಿಯ ವೀರ್ಯ ಕೊಡಿಸಬಹುದು, ಯಾವುದು ಹತ್ತಿರದ ಸಂಬಂಧವಾಗುತ್ತದೆ ಎಂದು ಪ್ರೋಗ್ರಾಂ ಹುಡುಕಿ ಹೇಳುತ್ತದೆ. ಹತ್ತಿರದ ರಕ್ತ ಕೂಡಿದರೆ ಕರು ಬಲಹೀನವಾಗುತ್ತದೆ, ಕೆಲವು ಹುಟ್ಟುವಾಗಲೇ ಸಾಯುತ್ತವೆ. ನಮ್ಮ ಕಡೆ ಪಶು ಆಸ್ಪತ್ರೆಯವರು ಬೈಕಿನಲ್ಲಿ ಕ್ಯಾನು ಇಟ್ಟುಕೊಂಡು ಬಂದು ಸೂಜಿ ಹಾಕಿ ಹೋಗುತ್ತಾರೆ, ಕರುವಿನ ಅಪ್ಪ ಯಾರೆಂದು ಯಾರೂ ಕೇಳುವುದಿಲ್ಲ. ಅಲ್ಲಿ ಸಂಘದಿಂದ ಸಲಹೆ ಬಾರದೆ ಯಾವ ರೈತನೂ ಹೆಜ್ಜೆ ಇಡುವುದಿಲ್ಲ.

ಕೋಬಾಲಿನಲ್ಲಿ ಹಸು ಎಂದರೆ ಒಂದು ಸಾಲು. ಸಾಲಿನಲ್ಲಿ ಇಷ್ಟು ಜಾಗ ಸಂಖ್ಯೆಗೆ, ಇಷ್ಟು ತಾಯಿಗೆ, ಇಷ್ಟು ತಂದೆಗೆ. ಆ ಸಾಲನ್ನು ಏನು ಮಾಡಬೇಕು ಎಂಬ ಅಪ್ಪಣೆಗಳು ಬೇರೆ ಕಡೆ, ಪುಟಗಟ್ಟಲೆ. ಜಾವಾದಲ್ಲಿ ಹಾಗಲ್ಲ. ಮಹಾಂತೇಶ ಅದನ್ನು ಹೀಗೆ ಹೇಳುತ್ತಿದ್ದ: ‘ಹಳೇದ್ರಾಗೆ ಹಸುವಿನ ಬಗ್ಗೆ ಬೇರೆ ಯಾರೋ ಹೇಳ್ತಾರೆ ಅಕ್ಕಾರೆ. ನಮ್ಮದ್ರಾಗೆ ನಿಮ್ಮವ್ವ ಯಾರು ಅಂತ ಹಸುವನ್ನೇ ಕೇಳಾಕೆ ಬರ್ತೈತೆ.’ ಬರೆಯುವಾಗ ಅವನು ಖುಷಿಯಾಗಿರುತ್ತಿದ್ದ. ಆಫ್ಕೆಯೂ ಬಂದು ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ಡಚ್ ಭಾಷೆಯಲ್ಲಿದ್ದ ಅವಳ ಹಳೆಯ ಹೆಸರುಗಳನ್ನು ನಾವಿಬ್ಬರೂ ತಪ್ಪುತಪ್ಪಾಗಿ ಉಚ್ಚರಿಸಿದರೆ ತಿದ್ದುತ್ತಿದ್ದಳು.

ಕರಾರಿನಲ್ಲಿ ಒಂದು ಮುಖ್ಯ ಮಾತಿತ್ತು. ಹಳೆಯ ಪ್ರೋಗ್ರಾಂ ಕೊಟ್ಟ ಉತ್ತರವನ್ನೇ ಹೊಸದೂ ಕೊಡಬೇಕು, ಒಂದು ಅಕ್ಷರವೂ ಹೆಚ್ಚುಕಡಿಮೆ ಆಗಕೂಡದು. ಹೀಗಾಗಿ ಎರಡಕ್ಕೂ ಅದೇ ಹಸುಗಳನ್ನು ಕೊಟ್ಟು, ಬಂದ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದೆವು. ಹೆಚ್ಚಿನವು ಹೊಂದಿದವು. ಕೆಲವು ಹೊಂದಲಿಲ್ಲ. ಹಳೆಯದು ‘ಈ ಹೋರಿ ಆದೀತು’ ಎನ್ನುತ್ತಿತ್ತು, ನಮ್ಮದು ‘ಬೇಡ, ಹತ್ತಿರದ ಸಂಬಂಧ’ ಎನ್ನುತ್ತಿತ್ತು.

ತಪ್ಪು ನಮ್ಮದೇ ಎಂದುಕೊಂಡು ಎಲ್ಲ ಸಾಲುಗಳನ್ನೂ ಮತ್ತೆ ಓದಿದೆ. ಓದುತ್ತಾ ಓದುತ್ತಾ ಒಂದು ಕಡೆ ನಿಂತೆ.

ಬಹಳ ವರ್ಷಗಳ ಹಿಂದೆ ಹಸುಗಳು ಹೆಚ್ಚಾಗಿ, ಇದ್ದ ಸಂಖ್ಯೆಗಳು ಸಾಲದೆ, ಎಡಗಡೆಗೆ ಇನ್ನೊಂದು ಅಂಕಿ ಸೇರಿಸಿದ್ದರು. ಪ್ರೋಗ್ರಾಂನಲ್ಲಿ ಸಂಖ್ಯೆ ಬರುವ ಕಡೆಯಲ್ಲೆಲ್ಲ ಒಂದೊಂದು ಅಂಕಿಯ ಜಾಗ ಹೆಚ್ಚಿಸಬೇಕಾಗಿತ್ತು. ಹೆಚ್ಚಿಸಿದ್ದರು ಕೂಡ, ಒಂದು ಜಾಗ ಬಿಟ್ಟು. ಹೋರಿಯ ತಾಯಿಯ ಸಂಖ್ಯೆಯನ್ನು ಎತ್ತಿಡುವ ಆ ಜಾಗ ಹಳೆಯ ಅಳತೆಯಲ್ಲೇ ಉಳಿದಿತ್ತು. ದೊಡ್ಡ ಸಂಖ್ಯೆಯನ್ನು ಸಣ್ಣ ಜಾಗಕ್ಕೆ ಹಾಕಿದರೆ ಕೋಬಾಲ್ ತಕರಾರು ಮಾಡುವುದಿಲ್ಲ. ಎಡಗಡೆಯ ಅಂಕಿಯನ್ನು ಸದ್ದಿಲ್ಲದೆ ಉದುರಿಸಿ ಮುಂದೆ ಹೋಗುತ್ತದೆ. ಉಳಿದ ಸಂಖ್ಯೆ ಯಾವುದೋ ಕಾಲದಲ್ಲಿ ಸತ್ತುಹೋದ ಬೇರೆ ಹಸುವಿನದು. ಪ್ರೋಗ್ರಾಂ ಆ ಸತ್ತ ಹಸುವಿನ ಕುಲ ನೋಡಿ, ಸಂಬಂಧವಿಲ್ಲ, ಆದೀತು ಎಂದು ಹೇಳುತ್ತಿತ್ತು. ಅಣ್ಣತಂಗಿಯನ್ನು ಕೂಡಿಸಿದ ಹಾಗೆ. ಅಷ್ಟೂ ವರ್ಷ.

ಆ ಬದಲಾವಣೆಯ ಪಕ್ಕದಲ್ಲಿ ಮಾಡಿದವರ ಹೆಸರಿತ್ತು. ಆಫ್ಕೆ.

ಹೇಳಿದ ದಿನ

ಮೊದಲು ಮಹಾಂತೇಶನಿಗೆ ತೋರಿಸಿದೆ. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

‘ಅಕ್ಕಾರೆ, ನಮ್ಮ ಕೆಲಸ ಹೊಂದಿಸೋದು ಅಷ್ಟೇ. ರುಬೆನ್‌ಗೆ ಹೇಳಿಬಿಡ್ರಿ. ಆಯಮ್ಮಗೆ ಯಾಕೆ ಹೇಳಾಕೆ ಹೋಗ್ತೀರಿ? ಇನ್ನೇನು ರಿಟೈರ್ ಆಗ್ತಾರೆ.’

‘ಅವರಿಗೆ ಹೇಳದೆ ಅವರ ಬಾಸಿಗೆ ಹೇಳಿದ್ರೆ ಅದು ಚಾಡಿ ಆಗ್ತದೆ ಮಹಾಂತೇಶ.’

‘ಹಂಗಾದ್ರೆ ಹೇಳ್ರಿ. ನಾನಂತೂ ಎದುರಿಗೆ ಇರಲ್ಲ’ ಎಂದು ಎದ್ದು ಕಾಫಿ ಯಂತ್ರದ ಹತ್ತಿರ ಹೋಗಿ ನಿಂತ.

ಆಫ್ಕೆಗೆ ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಆ ಸಾಲನ್ನು ಪರದೆಯ ಮೇಲೆ ತಂದು, ಜಾಗದ ಅಳತೆಯ ಮೇಲೆ ಬೆರಳಿಟ್ಟೆ. ಅವಳಿಗೆ ವಿವರಿಸುವುದೇ ಬೇಕಾಗಲಿಲ್ಲ. ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡು ನೋಡಿದಳು. ನಾನು ನೀರು ತಂದುಕೊಟ್ಟೆ. ಕುಡಿಯಲಿಲ್ಲ.

‘ಡೌವೆಯ ಹಸುಗಳನ್ನು ಕೊಟ್ಟು ನೋಡು’ ಎಂದಳು.

ಡೌವೆ ಅವಳ ತಮ್ಮ. ಅಪ್ಪನ ಕಾಲದ ಹಸುಗಳನ್ನು ಅವನೇ ನೋಡಿಕೊಳ್ಳುತ್ತಿದ್ದ ಎಂದು ಎಂದೋ ಹೇಳಿದ್ದಳು. ಈಗ ಹಸುಗಳಿಲ್ಲ ಎನ್ನುವುದನ್ನು ಹೇಳಿರಲಿಲ್ಲ. ಮಹಾಂತೇಶನನ್ನು ಕರೆದು, ಆ ಮಂದೆಯ ಹಳೆಯ ಸಲಹೆಗಳನ್ನೆಲ್ಲ ಹೊಸ ಪ್ರೋಗ್ರಾಂಗೆ ಮತ್ತೆ ಕೇಳಿದೆವು. ‘ಬೇಡ’ ಎಂದು ಬಂತು. ಮತ್ತೆ ‘ಬೇಡ’. ಅವರಪ್ಪ ಒಳ್ಳೆಯ ತಳಿಯ ಹೆಣ್ಣುಕರುಗಳನ್ನು ಸುತ್ತಲಿನ ಊರುಗಳಿಗೆ ಮಾರಿದ್ದನಂತೆ. ಅವುಗಳಿಗೆ ಹುಟ್ಟಿದ ಹೋರಿಗಳು ಬೇರೆ ಬೇರೆ ಮನೆಗಳ ಹೆಸರು ಹೊತ್ತು, ಸಂಘದ ಸಲಹೆಯ ಮೂಲಕ ಅದೇ ಕೊಟ್ಟಿಗೆಗೆ ವಾಪಸು ಬಂದಿದ್ದವು. ಸಲಹೆಯನ್ನು ಡೌವೆ ಒಂದು ಸಲವೂ ಮೀರಿರಲಿಲ್ಲ. ಸಲಹೆ ಕೊಡುವ ಪ್ರೋಗ್ರಾಂ ಅವನ ಅಕ್ಕನದಲ್ಲವೇ?

ಸಂಜೆಯಾಗುವುದರೊಳಗೆ ಆಫ್ಕೆಯೇ ರುಬೆನ್ ಹತ್ತಿರ ಹೋಗಿ ಎಲ್ಲ ಹೇಳಿ ಬಂದಳು. ಆಮೇಲೆ ನನ್ನ ಕಡೆ ತಿರುಗಿ, ‘ನಾಳೆ ನನ್ನ ಜೊತೆ ತಮ್ಮನ ಮನೆಗೆ ಬಾ. ಒಬ್ಬಳೇ ಹೋದರೆ ಬಾಗಿಲಿಂದಲೇ ತಿರುಗಿ ಬರುತ್ತೇನೆ’ ಎಂದಳು.

ಡೌವೆಯ ಮನೆ

ಮನೆ ಮತ್ತು ಕೊಟ್ಟಿಗೆ ಒಂದೇ ಮಾಡಿನ ಕೆಳಗೆ. ಆ ಕಡೆಯ ಹಳೆಯ ಮನೆಗಳೆಲ್ಲ ಹಾಗೆ, ನಮ್ಮ ಕಡೆ ಹಿಂದೆ ಇದ್ದಂತೆಯೇ. ಒಳಗೆ ಹೋಗಲು ಕೊಟ್ಟಿಗೆಯ ಪಕ್ಕದಲ್ಲೇ ಹಾಯಬೇಕು. ಕೊಟ್ಟಿಗೆಯನ್ನು ತೊಳೆದು ಇಟ್ಟಿದ್ದ. ಗೋಡೆಯ ಮೇಲೆ ಒಂದೊಂದು ಹಸುವಿನ ಜಾಗಕ್ಕೂ ಹೆಸರು ಬರೆದ ಹಲಗೆ. ಸಗಣಿಯ ವಾಸನೆ ಮಾತ್ರ ಇರಲಿಲ್ಲ. ಅದಿಲ್ಲದ ಕೊಟ್ಟಿಗೆಯೊಳಗೆ ನಾನು ಜೀವಮಾನದಲ್ಲಿ ಹೆಜ್ಜೆ ಇಟ್ಟಿರಲಿಲ್ಲ.

ಡೌವೆ ಎತ್ತರದ ಆಳು, ಕೆಲಸ ಮಾಡಿದ ಕೈ. ಈಗ ಯಾರದೋ ಗೋದಾಮಿನಲ್ಲಿ ಲಾರಿಗೆ ಸರಕು ತುಂಬಿಸುವ ಕೆಲಸವಂತೆ. ಕಾಫಿ ಕೊಟ್ಟ, ಜೊತೆಗೆ ತಲೆಗೊಂದು ಬಿಸ್ಕೀಟು. ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದ. ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಅದು ಜಿಪುಣತನವಲ್ಲ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು.

ಅಕ್ಕತಮ್ಮ ಮಾತಾಡಿದ್ದು ಫ್ರೀಸ್ ಭಾಷೆಯಲ್ಲಿ, ಅದು ಡಚ್ ಕೂಡ ಅಲ್ಲ. ಒಂದು ಶಬ್ದವೂ ನನಗೆ ತಿಳಿಯುವಂತಿರಲಿಲ್ಲ. ಆಫ್ಕೆ ಮೇಜಿನ ಮೇಲೆ ಬೆರಳಿನಿಂದ ಒಂದು ಸಂಖ್ಯೆ ಬರೆದು, ಎಡಗಡೆಯ ಅಂಕಿಯನ್ನು ಅಂಗೈಯಿಂದ ಒರೆಸಿದ ಹಾಗೆ ಮಾಡಿದಾಗ, ಹೇಳಿದಳು ಎಂದು ಗೊತ್ತಾಯಿತು. ಡೌವೆ ಮೇಜಿನ ಆ ಜಾಗವನ್ನೇ ನೋಡುತ್ತಾ ಕೂತ. ಸಿಟ್ಟು ಬರಬಹುದೆಂದು ನಾನು ಸೆರಗು ಬಿಗಿ ಹಿಡಿದಿದ್ದೆ. ಬರಲಿಲ್ಲ. ಎದ್ದು ಕೊಟ್ಟಿಗೆಗೆ ಹೋದ. ಅಲ್ಲಿ ಅವನು ನಡೆದಾಡುವ ಸದ್ದು ಕೇಳಿಸುತ್ತಿತ್ತು. ತಿರುಗಿ ಬಂದು ಬಾಗಿಲಲ್ಲಿ ನಿಂತು, ಅಕ್ಕನನ್ನು ಒಂದೇ ಒಂದು ಮಾತು ಕೇಳಿದ. ಆಫ್ಕೆ ಮುಖ ಮುಚ್ಚಿಕೊಂಡಳು. ಅಳುವ ಅಕ್ಕನ ಬೆನ್ನ ಮೇಲೆ ಅವನು ಕೈ ಇಡಲಿಲ್ಲ, ಹೊರಗೂ ಹೋಗಲಿಲ್ಲ. ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ನಾನು ಆರಿದ ಕಾಫಿಯನ್ನು ಕುಡಿದು ಮುಗಿಸಿದೆ.

ವಾಪಸು ಬರುವಾಗ ಕಾರು ನಿಲ್ಲಿಸಿ ಅವಳೇ ಹೇಳಿದಳು. ಕರುಗಳು ಸಾಯತೊಡಗಿ ಮಂದೆ ಕರಗುತ್ತಾ ಬಂದಾಗ ಅವರಪ್ಪ, ಹಸು ಸಾಕುವ ಕೈ ನಿನ್ನದಲ್ಲ ಎಂದು ಡೌವೆಗೆ ಹೇಳಿದ್ದನಂತೆ. ಕೊನೆಯ ವರ್ಷಗಳಲ್ಲಿ ಒಂದೇ ಮನೆಯಲ್ಲಿದ್ದೂ ಮಗನ ಜೊತೆ ಮಾತು ಬಿಟ್ಟಿದ್ದ. ಹಾಗೆಯೇ ತೀರಿಕೊಂಡ.

‘ಅಪ್ಪ ಹೇಳಿದ್ದು ಸರಿಯೆಂದೇ ನಾನೂ ನಂಬಿದ್ದೆ’ ಎಂದಳು ಆಫ್ಕೆ. ‘ಈಗ ಇದನ್ನು ಅಪ್ಪನಿಗೆ ಯಾರು ಹೇಳುತ್ತಾರೆ ಅಂತ ಅವನು ಬಾಗಿಲಲ್ಲಿ ನಿಂತು ಕೇಳಿದ.’

ಕೇಕ್ ಕತ್ತರಿಸಿದ ದಿನ

ರುಬೆನ್ ಕೆಟ್ಟವನಲ್ಲ. ಅವನು ನಮ್ಮನ್ನು ಕರೆದು ಕೂರಿಸಿ, ಮೆತ್ತಗೆ ವಿವರಿಸಿದ. ಈಗಲೇ ತಪ್ಪನ್ನು ತಿದ್ದಿದರೆ ಹೊಸ ಪ್ರೋಗ್ರಾಂ ಹಳೆಯದಕ್ಕೆ ಹೊಂದುವುದಿಲ್ಲ. ಹೊಂದದೆ ಇದ್ದರೆ ಅದನ್ನು ಒಪ್ಪಿಕೊಳ್ಳುವ ಹಾಗಿಲ್ಲ. ತಿದ್ದಿದ್ದನ್ನು ರೈತರಿಗೆ ಹೇಳಬೇಕಾಗುತ್ತದೆ, ಹೇಳುವ ಮೊದಲು ವಕೀಲರನ್ನು ಕೇಳಬೇಕಾಗುತ್ತದೆ. ಅದಕ್ಕೆ ಸಮಯ ಬೇಕು. ಆದ್ದರಿಂದ ಈಗ ಇದ್ದದ್ದನ್ನು ಇದ್ದ ಹಾಗೇ ತನ್ನಿ, ತಿದ್ದುವುದನ್ನು ಎರಡನೇ ಹಂತದಲ್ಲಿ ನೋಡೋಣ.

‘ಎರಡನೇ ಹಂತ ಯಾವಾಗ?’ ಎಂದೆ.

‘ಇದು ಮುಗಿದ ಮೇಲೆ.’

ದಾವಣಗೆರೆಗೆ ಫೋನ್ ಮಾಡಿದರೆ ನಮ್ಮ ಕಂಪನಿಯವರೂ ಅದನ್ನೇ ಹೇಳಿದರು. ಗಿರಾಕಿ ಹೇಳಿದಂತೆ ಮಾಡಿ ಬನ್ನಿ ಮೇಡಂ, ನಮಗ್ಯಾಕೆ ಬೇರೆಯವರ ಮನೆ ವಿಚಾರ.

ಜಾವಾಕ್ಕೆ ಅಂಕಿ ಉದುರಿಸಿ ಅಭ್ಯಾಸವಿಲ್ಲ. ಉದುರಿಸಬೇಕೆಂದೇ ಸಾಲು ಬರೆಯಬೇಕು. ತಾಯಿ ಯಾರೆಂದು ಹಸುವನ್ನು ಕೇಳಿದರೆ ಅದು ನಿಜ ಹೇಳುವಂತೆ ಬರೆದಿದ್ದ ಮಹಾಂತೇಶ, ಈಗ ಅದರ ಬಾಯಲ್ಲಿ ಸುಳ್ಳು ಹೇಳಿಸುವಂತೆ ತಿದ್ದಿದ. ನಾನು ಪಕ್ಕದಲ್ಲೇ ಕೂತಿದ್ದೆ.

‘ನಮ್ಮ ಕೈಲಿ ಏನೈತೆ ಅಕ್ಕಾರೆ’ ಎಂದ. ನನ್ನ ಕಡೆ ನೋಡಲಿಲ್ಲ. ‘ಆಗಲ್ಲ ಅಂದ್ರೆ ನಮ್ಮನ್ನ ವಾಪಸ್ ಕಳಿಸಿ ಇನ್ಯಾರನ್ನೋ ಕರೆಸ್ತಾರೆ. ಅವ್ರು ಬರೀತಾರೆ. ಹೌದಲ್ಲ?’

ಹೌದು ಎಂದೆ. ಬೇಡ ಎಂದು ಎದ್ದು ಬರುವ ಧೈರ್ಯ ನನ್ನಲ್ಲಿ ಬರಬಹುದೇನೋ ಎಂದು ಒಂದು ಗಳಿಗೆ ಕಾದೆ. ಬರಲಿಲ್ಲ.

ಕೊನೆಯ ಹೋಲಿಕೆಯಲ್ಲಿ ಎಲ್ಲವೂ ಹೊಂದಿದವು. ರುಬೆನ್ ಕೇಕ್ ತರಿಸಿದ. ಅವರಲ್ಲಿ ಒಂದು ಪದ್ಧತಿ ಇದೆ. ಸಂಭ್ರಮ ಯಾರದೇ ಇರಲಿ, ಕೋಣೆಯಲ್ಲಿರುವ ಎಲ್ಲರೂ ಎಲ್ಲರಿಗೂ ಕೈ ಕುಲುಕಿ ಅಭಿನಂದನೆ ಹೇಳಬೇಕು. ಸುತ್ತ ಕೂತವರು ಒಬ್ಬೊಬ್ಬರಾಗಿ ಎದ್ದು ಬಂದರು. ಆಫ್ಕೆಯ ಸರದಿ ಬಂತು. ಹೇಳಬೇಕಾದ ಶಬ್ದವನ್ನು ಸ್ಪಷ್ಟವಾಗಿ ಹೇಳಿದಳು, ಕೇಕಿನ ತಟ್ಟೆಯನ್ನು ಮುಟ್ಟದೆ ಮೇಜಿನ ಮೇಲಿಟ್ಟು ಮನೆಗೆ ಹೋದಳು. ಮಾರನೆಯ ದಿನ ರಜೆ ಹಾಕಿದವಳು ನಿವೃತ್ತಿಯವರೆಗೂ ಬರಲಿಲ್ಲವೆಂದು ಆಮೇಲೆ ತಿಳಿಯಿತು. ನಾವು ಹೊರಡುವ ಹೊತ್ತಿಗೆ ಅವಳ ಮೇಜಿನ ಮೇಲೆ ಬೇರೆ ಯಾರದೋ ಗಿಡವಿತ್ತು.

ನ್ಯಾಮತಿ

ಊರಿಗೆ ಬಂದ ಮೇಲೆ ಮಹಾಂತೇಶ ಆ ಕಂಪನಿ ಬಿಟ್ಟ. ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ. ನಾನು ಮಾತ್ರ ಅದೇ ಬಸ್ಸು, ಅದೇ ಕೆಲಸ. ಎರಡನೇ ಹಂತದ ಬಗ್ಗೆ ಆಗಾಗ ವಿಚಾರಿಸುತ್ತೇನೆ. ಇನ್ನೂ ತೀರ್ಮಾನವಾಗಿಲ್ಲ ಎನ್ನುತ್ತಾರೆ.

ಮೊನ್ನೆ ನ್ಯಾಮತಿಯಲ್ಲಿ ನಮ್ಮಕ್ಕನ ಮನೆಗೆ ಹೋಗಿದ್ದಾಗ, ಮಧ್ಯಾಹ್ನ ಊಟ ಮುಗಿಸಿ ಕೂತಿರುವಾಗ ಆಫ್ಕೆಯ ಫೋನ್ ಬಂತು. ಅವಳು ತನ್ನಷ್ಟಕ್ಕೇ ರೈತರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಸಂಘದ ಸಲಹೆ ನಂಬಬೇಡಿ, ತಪ್ಪು ನನ್ನದು ಎಂದು ಹೇಳುತ್ತಿದ್ದಾಳಂತೆ. ಯಾರೂ ನಂಬುತ್ತಿಲ್ಲ. ಕೆಲಸ ಹೋದ ಸಿಟ್ಟಿಗೆ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಾರಂತೆ.

‘ಒಬ್ಬ ರೈತ ನನ್ನ ಪಕ್ಕದಲ್ಲೇ ಇದ್ದಾನೆ. ಒಳ್ಳೆಯವನು, ಇಂಗ್ಲಿಷ್ ಬರುತ್ತದೆ. ಹೊಸದನ್ನು ಮಾಡಿದವಳು ನೀನು. ನೀನು ಹೇಳು, ನಂಬುತ್ತಾನೆ’ ಎಂದಳು.

ನಾನು ಎದ್ದು ಜಗಲಿಗೆ ಬಂದೆ. ಆ ರೈತ ಫೋನ್ ತೆಗೆದುಕೊಂಡು ಮರ್ಯಾದೆಯಿಂದ ನಮಸ್ಕಾರ ಹೇಳಿದ. ನಾನು ಎಲ್ಲ ಹೇಳಿದೆ. ಅಂಕಿ, ಜಾಗ, ಉದುರಿದ್ದು, ಸತ್ತ ಹಸುವಿನ ಕುಲ. ಅವನು ನಡುವೆ ಬಾಯಿ ಹಾಕದೆ ಕೇಳಿದ.

‘ಒಂದೇ ಪ್ರಶ್ನೆ’ ಎಂದ. ‘ನಾನು ಇವತ್ತು ಬೆಳಿಗ್ಗೆ ನನ್ನ ಹಸುವಿಗೆ ಒಂದು ಹೋರಿ ಆದೀತೇ ಎಂದು ಕೇಳಿದೆ. ಹಳೆಯದು ಹಿಂದೊಮ್ಮೆ ಆದೀತು ಎಂದಿತ್ತು. ನೀವು ಮಾಡಿದ ಹೊಸದೂ ಆದೀತು ಎನ್ನುತ್ತದೆ. ಹಳೆಯದು ತಪ್ಪಾಗಿದ್ದರೆ, ದೂರದ ದೇಶದಿಂದ ಬಂದು ಬೇರೆ ಭಾಷೆಯಲ್ಲಿ ಬರೆದ ನಿಮ್ಮದೂ ಅದೇ ಮಾತು ಹೇಗೆ ಹೇಳುತ್ತದೆ?’

ಹಾಗೆ ಹೇಳಲೆಂದೇ ಬರೆದೆವು ಎಂದೆ.

‘ಹಾಗೆ ಹೇಳಲೆಂದೇ’ ಎಂದು ಅವನು ನನ್ನ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿದ. ನಂಬಲು ಯತ್ನಿಸುತ್ತಿದ್ದಾನೆ ಎಂದು ಅನ್ನಿಸಿತು. ಆಮೇಲೆ, ‘ಅಂಥ ಕೆಲಸವನ್ನು ಯಾರಾದರೂ ಯಾಕೆ ಮಾಡುತ್ತಾರೆ ಮೇಡಂ?’ ಎಂದು ಕೇಳಿ, ನನ್ನ ಉತ್ತರಕ್ಕೆ ಕಾದು, ಅದು ಬಾರದಿದ್ದಾಗ ಫೋನನ್ನು ಆಫ್ಕೆಯ ಕೈಗೆ ಕೊಟ್ಟ.